ಕೌನ್ಸಿಲ್ ಟ್ಯಾಕ್ಸ್ ರಿಮೈಂಡರ್ ಬಂದಿದೆ, ಮನೆಯಲ್ಲಿ ಅತ್ತೆಗೆ ಮರೆವಿನ ಕಾಯಿಲೆ. ಏನಾದರೂ ದಾರಿ ಇದೆಯಾ?

ಹಾಸನದ ಸೊಸೆ | ನವೆಂಬರ್ 12, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಸಣ್ಣ ಊರಿನಲ್ಲಿ. ಬಂದು 19 ವರ್ಷ ಆಯಿತು. ಇಲ್ಲಿ ಬೇರೆಯವರು ಬರೆದದ್ದನ್ನು ಓದುತ್ತಿದ್ದೆ, ನಾನೇ ಬರೆಯುತ್ತಿರುವುದು ಇದೇ ಮೊದಲು.

ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ಅತ್ತೆ. ಯಜಮಾನರು ಹೋಗಿ ಬರುವ ಫೆಬ್ರವರಿಗೆ ಮೂರು ವರ್ಷ. ಅತ್ತೆಗೆ 81. ಮಾವ, ಅತ್ತೆ 1970ರ ದಶಕದಲ್ಲೇ ಇಲ್ಲಿಗೆ ಬಂದವರು, ಹಾಗಾಗಿ ಅತ್ತೆಗೆ ಇಲ್ಲಿಯ ಪೆನ್ಷನ್ ಬರುತ್ತದೆ. ಒಂದೂವರೆ ವರ್ಷದ ಹಿಂದೆ ಅವರಿಗೆ ಡಿಮೆನ್ಷಿಯಾ ಅಂತ ಡಾಕ್ಟರು ಹೇಳಿದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಹಸು ಕರೆಯುವ ಹೊತ್ತಾಯಿತು, ಕೊಟ್ಟಿಗೆ ಬಾಗಿಲು ಯಾಕೆ ಹಾಕಿದ್ದೀಯ ಅಂತ ಕೇಳುತ್ತಾರೆ. ನಾನು ಎದ್ದು, ಇವತ್ತು ಪಕ್ಕದ ಮನೆಯವರು ಕರೆದಿದ್ದಾರೆ ಅಮ್ಮ, ಮಲಗಿ ಅನ್ನುತ್ತೇನೆ. ಕೆಲವು ಸಲ ಒಪ್ಪುತ್ತಾರೆ.

ನಾನು ಪ್ರೈಮರಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ಮೂರು ಗಂಟೆ, ವಾರಕ್ಕೆ 15. ಅಷ್ಟು ಹೊತ್ತು ಮೂರು ದಿನ ಅತ್ತೆ ಡೇ ಸೆಂಟರ್‌ಗೆ ಹೋಗುತ್ತಾರೆ, ಇನ್ನೆರಡು ದಿನ ಪಕ್ಕದ ಮನೆಯ ಗುಜರಾತಿ ಅಜ್ಜಿ ಬಂದು ಕೂರುತ್ತಾರೆ. ನನಗೆ ಯೂನಿವರ್ಸಲ್ ಕ್ರೆಡಿಟ್, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು, ಬರುತ್ತದೆ. ಅತ್ತೆಗೆ ಕಳೆದ ವರ್ಷದ ಜುಲೈನಿಂದ ಅಟೆಂಡೆನ್ಸ್ ಅಲೊವೆನ್ಸ್, ಅಂದರೆ ಆರೈಕೆ ಬೇಕಾದ ಹಿರಿಯರಿಗೆ ಸರ್ಕಾರ ಕೊಡುವ ಭತ್ಯೆ, ಬರುತ್ತಿದೆ, ಒಬ್ಬ ನರ್ಸ್ ಕೂತು ಫಾರಂ ತುಂಬಿಕೊಟ್ಟಿದ್ದರು. ಮನೆ ಬಾಡಿಗೆಯದು, ಕರಾರು ನನ್ನ ಹೆಸರಿನಲ್ಲಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕೌನ್ಸಿಲ್ ಟ್ಯಾಕ್ಸ್ ಅಂದರೆ ಇಲ್ಲಿಯ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ಕಂದಾಯ, ಮನೆಯ ಬೆಲೆ ನೋಡಿ ಬ್ಯಾಂಡ್ ಅಂತ ದರ್ಜೆ ಹಾಕುತ್ತಾರೆ. ನಮ್ಮದು ಬ್ಯಾಂಡ್ ಬಿ. ವರ್ಷಕ್ಕೆ 1,800 ಪೌಂಡ್, ಹತ್ತು ಕಂತು, ತಿಂಗಳಿಗೆ 180. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೋ ಕಟ್ಟಿದೆ. ಅಕ್ಟೋಬರ್‌ನಲ್ಲಿ ವಾಷಿಂಗ್ ಮೆಷಿನ್ ಕೆಟ್ಟಿತು. ಅತ್ತೆಯ ಹಾಸಿಗೆ ಬಟ್ಟೆ ದಿನಾ ಒಗೆಯಲೇಬೇಕು, ಹೊಸದು ತಂದೆ. ಆ ತಿಂಗಳ ಕಂತು ತಪ್ಪಿತು. ನವೆಂಬರ್‌ನದೂ ತಪ್ಪಿತು. ಮೊನ್ನೆ ರಿಮೈಂಡರ್ ಬಂತು. ಏಳು ದಿನದೊಳಗೆ ಕಟ್ಟದಿದ್ದರೆ ವರ್ಷದ ಬಾಕಿಯೆಲ್ಲ ಒಟ್ಟಿಗೆ ಕಟ್ಟಬೇಕು, ಆಮೇಲೆ ಕೋರ್ಟ್ ಸಮನ್ಸ್ ಅಂತ ಬರೆದಿದೆ. ನಾನು ಜೀವನದಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದವಳಲ್ಲ. ಫೋನ್ ಮಾಡಿದೆ. 40 ನಿಮಿಷ ಕಾಯಿಸಿ, ವೆಬ್‌ಸೈಟ್ ನೋಡಿ ಅಂದು ಇಟ್ಟರು.

ನಮ್ಮೂರಲ್ಲಿ ಪಂಚಾಯಿತಿ ಬಿಲ್ ಕಲೆಕ್ಟರ್ ಮನೆ ಬಾಗಿಲಿಗೇ ಬರುತ್ತಿದ್ದರು. ಜಗಲಿ ಮೇಲೆ ಕೂತು ಕಾಫಿ ಕುಡಿದು, ರಾಗಿ ಮಾರಿದ ಮೇಲೆ ಕೊಡುತ್ತೇವೆ ಅಂದರೆ ಆಗಲಿ ಅಂದು ಹೋಗುತ್ತಿದ್ದರು. ಇಲ್ಲಿ ಯಾರ ಮುಖ ನೋಡಿ ಹೇಳಲಿ?

ಇನ್ನೊಂದು. ರಿಮೈಂಡರ್ ಬಂದ ವಾರವೇ ಕೌನ್ಸಿಲ್‌ನಿಂದ ಬೇರೆ ಒಂದು ಕಾಗದ ಬಂತು. ಬಡವರಿಗೆ ಕೊಡುವ ಟ್ಯಾಕ್ಸ್ ರಿಯಾಯಿತಿಯನ್ನು ಮುಂದಿನ ಏಪ್ರಿಲ್‌ನಿಂದ ಗರಿಷ್ಠ 80 ಶೇಕಡದಿಂದ 70ಕ್ಕೆ ಇಳಿಸುತ್ತಾರಂತೆ, ನಿಮ್ಮ ಅಭಿಪ್ರಾಯ ತಿಳಿಸಿ ಅಂತ. ಅಂಥ ರಿಯಾಯಿತಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ! ಯೂನಿವರ್ಸಲ್ ಕ್ರೆಡಿಟ್‌ನಲ್ಲೇ ಎಲ್ಲ ಸೇರಿದೆ ಅಂದುಕೊಂಡಿದ್ದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಶಿವಮೊಗ್ಗ ಹುಡುಗ | ನವೆಂಬರ್ 13, ಬೆಳಿಗ್ಗೆ 7:15

ಅಕ್ಕ, ಧೈರ್ಯವಾಗಿರಿ. ಅತ್ತೆಗೆ ಪೆನ್ಷನ್ ಬರುತ್ತದೆ ಅಲ್ವಾ? ಪೆನ್ಷನ್‌ನವರಿಗೆ ಕೌನ್ಸಿಲ್ ಟ್ಯಾಕ್ಸ್ ಪೂರ್ತಿ ಮಾಫಿ ಅಂತ ಕೇಳಿದ್ದೇನೆ. ಇಲ್ಲದಿದ್ದರೆ ಬ್ಯಾಂಡ್ ತಪ್ಪಿದೆ ಅಂತ ಅರ್ಜಿ ಹಾಕಿ, ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಇಳಿಸಿಕೊಟ್ಟರು.

ಮೈಸೂರು ಮೇಷ್ಟ್ರು | ನವೆಂಬರ್ 13, ಬೆಳಿಗ್ಗೆ 9:50

ತಂಗಿ, ನಿಮ್ಮ ಕಾಗದ ಎರಡು ಸಲ ಓದಿದೆ. ನಾನು ಇಲ್ಲಿಯ ಒಂದು ಕೌನ್ಸಿಲ್‌ನ ಬೆನಿಫಿಟ್ ವಿಭಾಗದಲ್ಲಿ 22 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಈಗ ವಾರಕ್ಕೆ ಎರಡು ದಿನ ಸಲಹಾ ಕೇಂದ್ರದಲ್ಲಿ ಸುಮ್ನೆ ಸೇವೆ ಅಂತ ಕೂರುತ್ತೇನೆ. ನನಗೆ ತಿಳಿದ ಮಟ್ಟಿಗೆ ನಿಮ್ಮ ಬಿಲ್ಲೇ ತಪ್ಪಾಗಿದೆ. ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ.

ಮೊದಲು ಇವತ್ತೇ ಕೌನ್ಸಿಲ್‌ಗೆ ಇಮೇಲ್ ಮಾಡಿ. ಫೋನ್ ಬೇಡ, ಬರಹದಲ್ಲಿರಲಿ. ಬಿಲ್ ಮೇಲಿರುವ ಅಕೌಂಟ್ ನಂಬರ್ ಹಾಕಿ. ನಾನು ರಿಯಾಯಿತಿಗಳಿಗೆ ಅರ್ಜಿ ಹಾಕುತ್ತಿದ್ದೇನೆ, ತೀರ್ಮಾನ ಆಗುವವರೆಗೆ ವಸೂಲಿ ನಿಲ್ಲಿಸಿ ಅಂತ ಕೇಳಿ. ನಿಲ್ಲಿಸಲೇಬೇಕು ಅನ್ನುವ ಕಟ್ಟು ಅವರಿಗಿಲ್ಲ, ಆದರೆ ಕಾರಣ ಕೊಟ್ಟು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕೈಲಿ ಎಷ್ಟಿದೆಯೋ ಅಷ್ಟು ಕಟ್ಟಿ, ಅದನ್ನೂ ಬರೆಯಿರಿ.

ಈಗ ಲೆಕ್ಕ. ಕೌನ್ಸಿಲ್ ಟ್ಯಾಕ್ಸ್ ಬಿಲ್ ಮಾಡುವಾಗ ಮನೆಯಲ್ಲಿ ಕನಿಷ್ಠ ಇಬ್ಬರು ದೊಡ್ಡವರಿದ್ದಾರೆ ಅಂತ ಹಿಡಿಯುತ್ತಾರೆ. ಒಬ್ಬರೇ ಇದ್ದರೆ 25 ಶೇಕಡ ಕಡಿಮೆ. ಇದು ಎಲ್ಲರಿಗೂ ಗೊತ್ತು. ಎಷ್ಟೋ ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ, ಕೆಲವರು ಮನೆಯಲ್ಲಿದ್ದರೂ ಅವರನ್ನು ಎಣಿಸುವಂತಿಲ್ಲ. ನಿಮ್ಮ ಅತ್ತೆ ಅಂಥವರಲ್ಲಿ ಒಬ್ಬರು. ಡಿಮೆನ್ಷಿಯಾ ಇದ್ದು, ಡಾಕ್ಟರು ಸರ್ಟಿಫಿಕೇಟ್ ಕೊಟ್ಟು, ಅಟೆಂಡೆನ್ಸ್ ಅಲೊವೆನ್ಸ್‌ನಂಥ ಭತ್ಯೆಗೆ ಅವರು ಅರ್ಹರಾಗಿದ್ದರೆ ಸಾಕು, ಲೆಕ್ಕದಿಂದ ಬಿಡಬೇಕು. ಅಲ್ಲಿಗೆ 25 ಶೇಕಡ ಹೋಯಿತು.

ಇನ್ನು ನೀವು. ನೀವು ಕೇರರ್, ಅಂದರೆ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರು. ಕಾನೂನು ಹೇಳುವುದು ಇಷ್ಟು: ನೋಡಿಕೊಳ್ಳುವವರು ಅದೇ ಮನೆಯಲ್ಲಿರಬೇಕು, ವಾರಕ್ಕೆ ಸರಾಸರಿ 35 ಗಂಟೆಯಾದರೂ ಆರೈಕೆ ಮಾಡುತ್ತಿರಬೇಕು, ಆ ವ್ಯಕ್ತಿಗೆ ಇಂಥ ಭತ್ಯೆ ಬರುತ್ತಿರಬೇಕು, ಮತ್ತು ಆ ವ್ಯಕ್ತಿ ಗಂಡ, ಹೆಂಡತಿ ಅಥವಾ 18ರೊಳಗಿನ ಸ್ವಂತ ಮಗು ಆಗಿರಬಾರದು. ಅತ್ತೆಯನ್ನು ನೋಡಿಕೊಳ್ಳುವ ಸೊಸೆ ಇದರೊಳಗೆ ಸರಿಯಾಗಿ ಬರುತ್ತಾಳೆ. ನಿಮಗೆ ಕೆಲಸ ಇದೆ, ಸಂಬಳ ಇದೆ ಅನ್ನುವುದು ಇಲ್ಲಿ ಅಡ್ಡ ಬರುವುದಿಲ್ಲ. ಈ ರಿಯಾಯಿತಿ ಆದಾಯ ನೋಡಿ ಕೊಡುವುದೇ ಅಲ್ಲ.

ಮನೆಯಲ್ಲಿರುವ ಇಬ್ಬರನ್ನೂ ಎಣಿಸುವಂತಿಲ್ಲ ಅಂದರೆ 50 ಶೇಕಡ ಕಡಿಮೆ. ನಿಮ್ಮ ವರ್ಷದ ಬಿಲ್ 1,800 ಅಲ್ಲ, 900. ನೀವು ಸೆಪ್ಟೆಂಬರ್‌ವರೆಗೆ ಆರು ಕಂತು ಕಟ್ಟಿದ್ದೀರಿ, ಅಂದರೆ 1,080 ಪೌಂಡ್. ಈ ವರ್ಷಕ್ಕೆ ಕಟ್ಟಬೇಕಾದ್ದಕ್ಕಿಂತ 180 ಜಾಸ್ತಿಯೇ ಕೊಟ್ಟಿದ್ದೀರಿ. ಅರ್ಜಿಯಲ್ಲಿ ಕಳೆದ ವರ್ಷದ ಜುಲೈನಿಂದ ಲೆಕ್ಕ ಹಾಕಿ ಅಂತ ಕೇಳಿ. ಭತ್ಯೆ ಶುರುವಾದ ಕಾಗದ, ಕಾಯಿಲೆ ಯಾವಾಗಿನಿಂದ ಅಂತ ಡಾಕ್ಟರು ಬರೆದ ದಿನಾಂಕ, ಎರಡನ್ನೂ ಜೊತೆಗಿಡಿ. ಈ ಸರ್ಟಿಫಿಕೇಟ್‌ಗೆ ಜಿಪಿ, ಅಂದರೆ ನಿಮ್ಮ ಕುಟುಂಬ ವೈದ್ಯರು, ದುಡ್ಡು ಕೇಳುವಂತಿಲ್ಲ.

35 ಗಂಟೆಯ ವಿಷಯದಲ್ಲಿ ಹೆಣ್ಣುಮಕ್ಕಳು ಯಾವಾಗಲೂ ಕಡಿಮೆ ಬರೆಯುತ್ತಾರೆ, ನಾನು ಕಂಡಿದ್ದೇನೆ. ಊಟ ಕೊಡುವುದು, ಸ್ನಾನ ಮಾಡಿಸುವುದು ಮಾತ್ರ ಬರೆಯುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೊಟ್ಟಿಗೆಯ ಮಾತಾಡಿ ಮಲಗಿಸುತ್ತೀರಲ್ಲ, ಅದೂ ಆರೈಕೆ. ಗ್ಯಾಸ್ ಹಚ್ಚುತ್ತಾರೇನೋ, ಬಾಗಿಲು ತೆಗೆದು ಹೋಗುತ್ತಾರೇನೋ ಅಂತ ಕಣ್ಣಿಟ್ಟು ಕೂರುವುದೂ ಆರೈಕೆ. ಒಂದು ವಾರ ನೋಟ್‌ಬುಕ್ಕಿನಲ್ಲಿ ಗಂಟೆ ಹಾಕಿ ಬರೆಯಿರಿ.

ಇದೆಲ್ಲ ಆದ ಮೇಲೆ ಉಳಿದ 900ಕ್ಕೆ ಇನ್ನೊಂದು ಅರ್ಜಿ. ಅದೇ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್, ಕೆಲವು ಕಡೆ ಸಪೋರ್ಟ್ ಅನ್ನುತ್ತಾರೆ. ನಿಮಗೆ ಬಂದ ಆ ಎರಡನೇ ಕಾಗದ ಇದರದ್ದು. ಇದು ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಸೇರಿಲ್ಲ. ಕೌನ್ಸಿಲ್‌ಗೆ ಬೇರೆಯಾಗಿಯೇ ಅರ್ಜಿ ಹಾಕಬೇಕು. ನಮ್ಮ ಕೇಂದ್ರಕ್ಕೆ ಬರುವವರಲ್ಲಿ ನಿಮ್ಮ ಹಾಗೆ ಅಂದುಕೊಂಡು ವರ್ಷಗಟ್ಟಲೆ ಕಳೆದುಕೊಂಡವರನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಗರಿಷ್ಠ 80 ಶೇಕಡ ಸಿಕ್ಕರೆ ನಿಮ್ಮ ಪಾಲಿಗೆ ಉಳಿಯುವುದು ವರ್ಷಕ್ಕೆ 180. ನಿಮ್ಮ ಸಂಬಳ ನೋಡಿ 80 ಶೇಕಡಕ್ಕಿಂತ ಕಡಿಮೆ ರಿಯಾಯಿತಿಯೂ ಸಿಗಬಹುದು. ಹಿಂದಿನ ದಿನಗಳಿಗೆ ಕೊಡುವ ನಿಯಮ ಒಂದೊಂದು ಕೌನ್ಸಿಲ್‌ನಲ್ಲಿ ಒಂದೊಂದು ಥರ. ಹಾಗಾಗಿ ಇವತ್ತೇ ಹಾಕಿ.

ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಕೇರರ್ ಭಾಗ ಅಂತ ಒಂದಿದೆ. ಅದು ನಿಮಗೆ ಬರುತ್ತಿದೆಯಾ? ತಿಂಗಳ ಸ್ಟೇಟ್‌ಮೆಂಟ್ ನೋಡಿ ಹೇಳಿ.

ಶಿವಮೊಗ್ಗ ಹುಡುಗ, ನಿಮ್ಮ ಕಾಳಜಿ ದೊಡ್ಡದು, ಆದರೆ ಎರಡೂ ಮಾತು ಇಲ್ಲಿ ಹೊಂದುವುದಿಲ್ಲ. ಪೆನ್ಷನ್ ವಯಸ್ಸಿನವರಿಗೆ ದೇಶಕ್ಕೆಲ್ಲ ಒಂದೇ ನಿಯಮ ಇದೆ, ಕಡಿಮೆ ಆದಾಯದವರಿಗೆ ಪೂರ್ತಿ ಬಿಲ್ ಕೂಡ ಹೋಗಬಹುದು, ನಿಜ. ಆದರೆ ಇಲ್ಲಿ ಬಿಲ್ ಸೊಸೆಯ ಹೆಸರಲ್ಲಿದೆ. ಬ್ಯಾಂಡ್ ವಿಷಯ ಇನ್ನೂ ನಾಜೂಕು. ಇಂಗ್ಲೆಂಡಿನಲ್ಲಿ ಮನೆಯ ಬ್ಯಾಂಡ್ ನಿಂತಿರುವುದು 1991ರ ಏಪ್ರಿಲ್ 1ಕ್ಕೆ ಆ ಮನೆಗೆ ಎಷ್ಟು ಬೆಲೆ ಇತ್ತು ಅನ್ನುವುದರ ಮೇಲೆ. ಪ್ರಶ್ನೆ ಎತ್ತಿದರೆ ಇಳಿಯುವ ಬದಲು ಏರಲೂಬಹುದು, ಅಕ್ಕಪಕ್ಕದವರದ್ದೂ ಸೇರಿ.

ಹಾಸನದ ಸೊಸೆ | ನವೆಂಬರ್ 13, ಮಧ್ಯಾಹ್ನ 3:05

ಅಣ್ಣ, ಶಾಲೆಯಿಂದ ಬಂದು ಬಸ್ ಸ್ಟಾಪಿನಲ್ಲೇ ಓದಿದೆ. ಆರು ಕಂತಿನ ಲೆಕ್ಕ ಓದಿ ಕಣ್ಣಲ್ಲಿ ನೀರು ಬಂತು. ಇಮೇಲ್ ಕಳಿಸಿದ್ದೇನೆ. 40 ಪೌಂಡ್ ಕಟ್ಟಿದ್ದೇನೆ. ಸ್ಟೇಟ್‌ಮೆಂಟ್ ನೋಡಿದೆ, ಕೇರರ್ ಭಾಗ ಅಂತ ಏನೂ ಇಲ್ಲ.

ಒಂದು ಮಾತು ಕೇಳಲಾ? ಕೌನ್ಸಿಲ್ ಫಾರಂ ತೆರೆದೆ. ಮೇಲೆ ದಪ್ಪ ಅಕ್ಷರದಲ್ಲಿ ಸಿವಿಯರ್ಲಿ ಮೆಂಟಲಿ ಇಂಪೇರ್ಡ್ ಅಂತ ಇದೆ, ಅಂದರೆ ಬುದ್ಧಿಶಕ್ತಿ ತೀವ್ರವಾಗಿ ಕುಂದಿದವರು ಅಂತ. ನಮ್ಮ ಅತ್ತೆ ನಾಲ್ಕು ಭಾಷೆ ಮಾತಾಡುತ್ತಿದ್ದವರು. ಈ ಊರಲ್ಲಿ ಹೊಸದಾಗಿ ಬಂದ ಎಷ್ಟೋ ಹುಡುಗಿಯರಿಗೆ ಬಾಣಂತನ ಮಾಡಿದವರು. ನನಗೆ ಹಪ್ಪಳ ಸಂಡಿಗೆ ಕಲಿಸಿದವರು, ಇಲ್ಲಿಯ ಬಸ್ ಹತ್ತುವುದು ಕಲಿಸಿದವರು. ಅವರ ಹೆಸರಿನ ಮುಂದೆ ಆ ಮಾತು ಬರೆದು ಸಹಿ ಹಾಕಲು ಕೈ ಬರಲಿಲ್ಲ. ಫಾರಂ ಮುಚ್ಚಿದೆ.

ಧಾರವಾಡ ಪೇಡೆ | ನವೆಂಬರ್ 13, ರಾತ್ರಿ 9:20

ಅಕ್ಕಾ, ಆ ಫಾರಂ ನಾನೂ ತುಂಬೇನಿ. ನಮ್ಮ ಮನೆಯವರಿಗಾಗಿ. ಅವರಿಗೆ 58ಕ್ಕೇ ಈ ಕಾಯಿಲೆ ಬಂತು. ಮೂರು ತಿಂಗಳು ಫಾರಂ ಮೇಜಿನ ಮೇಲೆ ಇತ್ತು. ಅದರ ಮೇಲೆ ಪತ್ರಿಕೆ ಇಟ್ಟು ಮುಚ್ಚುತ್ತಿದ್ದೆ, ಅವರು ಓದಿಬಿಟ್ಟರೆ ಅಂತ.

ಆಮೇಲೆ ನಮ್ಮ ಜಿಪಿ ಒಂದು ಮಾತು ಹೇಳಿದರು. ಇದು ನಿನ್ನ ಗಂಡ ಯಾರು ಅಂತ ಹೇಳುವ ಕಾಗದ ಅಲ್ಲ, ಅವರನ್ನು ಬಿಲ್ಲಿನಲ್ಲಿ ಎಣಿಸಬೇಡಿ ಅಂತ ಹೇಳುವ ಕಾಗದ ಅಂತ. ಅವತ್ತೇ ತುಂಬಿದೆ. ಆ ಶಬ್ದ ಕೌನ್ಸಿಲ್ ಟ್ಯಾಕ್ಸ್‌ನ 1992ರ ಕಾನೂನಿನಲ್ಲಿದೆ, ಅದಕ್ಕೆ ಫಾರಂನಲ್ಲೂ ಬರುತ್ತದೆ. ಬದಲಾಗಬೇಕಾದ ಶಬ್ದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬದಲಾಗುವವರೆಗೆ ನೀವು ಪ್ರತಿ ತಿಂಗಳು ದುಡ್ಡು ಕಳೆದುಕೊಳ್ಳಬೇಡಿ ಅಕ್ಕಾ. ಅತ್ತೆಯವರು ತಿಳುವಳಿಕೆಯಲ್ಲಿ ಇದ್ದಿದ್ದರೆ ಅವರೇ, ಹಾಕವ್ವಾ ಸಹಿ ಅನ್ನುತ್ತಿದ್ದರು.

ನಮಗೆ ಸಿಕ್ಕಿದ್ದು 25 ಶೇಕಡ ಮಾತ್ರ. ಗಂಡನನ್ನು ನೋಡಿಕೊಳ್ಳುವ ಹೆಂಡತಿಯನ್ನು ಕೇರರ್ ಅಂತ ಬಿಡುವುದಿಲ್ಲ, ಮೇಷ್ಟ್ರು ಹೇಳಿದ ಹಾಗೆ. ನಾನು ಬೆಳತನಕ ಎದ್ದಿರುವುದೂ ಅಷ್ಟೇ, ನೀವು ಎದ್ದಿರುವುದೂ ಅಷ್ಟೇ. ಈ ಭೇದ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಮಂಡ್ಯ ನರ್ಸ್ | ನವೆಂಬರ್ 14, ಬೆಳಿಗ್ಗೆ 6:30

ಮೇಷ್ಟ್ರೇ, ಮಧ್ಯೆ ನನ್ನದೊಂದು ಪ್ರಶ್ನೆ, ಕ್ಷಮಿಸಿ. ನಾನು ಕೇರ್ ಹೋಮ್‌ನಲ್ಲಿ ನರ್ಸ್, ಸ್ಕಿಲ್ಡ್ ವರ್ಕರ್ ವೀಸಾ. ಒಂದು ಬೆಡ್‌ರೂಮಿನ ಫ್ಲ್ಯಾಟ್‌ನಲ್ಲಿ ಒಬ್ಬನೇ ಇದ್ದೇನೆ. ವೀಸಾದಲ್ಲಿ ಪಬ್ಲಿಕ್ ಫಂಡ್ಸ್, ಅಂದರೆ ಸರ್ಕಾರದ ನೆರವಿನ ದುಡ್ಡು, ಮುಟ್ಟಬಾರದು ಅಂತ ಇದೆ. ಆ ಭಯಕ್ಕೆ 25 ಶೇಕಡ ರಿಯಾಯಿತಿಯನ್ನೂ ಕೇಳಿಲ್ಲ, ಎರಡು ವರ್ಷ ಪೂರ್ತಿ ಕಟ್ಟಿದ್ದೇನೆ. ಕೇಳಿದರೆ ವೀಸಾಗೆ ತೊಂದರೆ ಆಗುತ್ತದಾ?

ಮೈಸೂರು ಮೇಷ್ಟ್ರು | ನವೆಂಬರ್ 14, ಬೆಳಿಗ್ಗೆ 10:10

ಇದನ್ನು ನಮ್ಮ ಹುಡುಗರೆಲ್ಲ ಓದಬೇಕು. ಎರಡು ಬೇರೆ ಬೇರೆ ವಿಷಯ. ಒಬ್ಬರೇ ಇರುವವರ 25 ಶೇಕಡ ಪಬ್ಲಿಕ್ ಫಂಡ್ಸ್ ಅಲ್ಲ. ಅದು ಮನೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವ ಎಣಿಕೆ, ಅಷ್ಟೇ. ಧೈರ್ಯವಾಗಿ ಕೇಳಿ, ಒಬ್ಬರೇ ಇರಲು ಶುರು ಮಾಡಿದ ದಿನದಿಂದ ಕೇಳಿ. ಪೂರ್ಣಾವಧಿ ವಿದ್ಯಾರ್ಥಿಗಳನ್ನು ಎಣಿಸದಿರುವುದೂ ಹಾಗೆಯೇ. ಆದರೆ ಆದಾಯ ನೋಡಿ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿದೆ. ನಿಮ್ಮ ವೀಸಾ ಇರುವವರು ಅದನ್ನು ಮುಟ್ಟಬೇಡಿ. ಎರಡಕ್ಕೂ ಒಂದೇ ವೆಬ್‌ಪುಟದಲ್ಲಿ ಬಟನ್ ಇರುವುದುಂಟು. ಯಾವುದನ್ನು ಒತ್ತುತ್ತಿದ್ದೀರಿ ಅಂತ ಓದಿ ಒತ್ತಿ.

ತಂಗಿ, ಧಾರವಾಡದ ತಂಗಿ ಹೇಳಿದ್ದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನೀವು ಫಾರಂ ತೆರೆಯಿರಿ. ಕೇರರ್ ಭಾಗ ಬೇಕು ಅಂತ ಯೂನಿವರ್ಸಲ್ ಕ್ರೆಡಿಟ್ ಜರ್ನಲ್‌ನಲ್ಲಿ, ಅಂದರೆ ನಿಮ್ಮ ಆನ್‌ಲೈನ್ ಖಾತೆಯಲ್ಲಿ ಬರೆಯುವ ಜಾಗದಲ್ಲಿ, ಇವತ್ತೇ ತಿಳಿಸಿ. ಅದಕ್ಕೂ 35 ಗಂಟೆ, ಅದೇ ನೋಟ್‌ಬುಕ್ ಸಾಕು.

ಕೌನ್ಸಿಲ್ ಇಲ್ಲ ಅಂದರೆ ಅಲ್ಲಿಗೆ ಮುಗಿಯಲಿಲ್ಲ. ಯಾಕೆ ತಪ್ಪು ಅಂತ ಅವರಿಗೇ ಬರೆಯಿರಿ. ಎರಡು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ, ಅಂದರೆ ಇಂಥ ತಕರಾರು ಕೇಳುವ ನ್ಯಾಯಮಂಡಳಿಗೆ, ಹೋಗಬಹುದು. ಫೀ ಇಲ್ಲ. ಇದಲ್ಲದೆ ಅದೇ 1992ರ ಕಾನೂನಿನಲ್ಲಿ 13ಎ ಕಲಂ ಅಂತ ಒಂದಿದೆ. ಯಾವ ಯೋಜನೆಯೂ ಹೊಂದದೆ ಕಷ್ಟದಲ್ಲಿರುವವರ ಬಿಲ್ಲನ್ನು ಕೌನ್ಸಿಲ್ ತನ್ನ ವಿವೇಚನೆಯಿಂದ ಇಳಿಸಬಹುದು, ಸೊನ್ನೆಗೂ ಇಳಿಸಬಹುದು. ಈ ಕಲಂ ಹೆಸರು ಹಿಡಿದು ಕೇಳಿದರೆ ಅವರು ಪರಿಶೀಲಿಸಲೇಬೇಕು. ಬೇರೆ ಸಾಲಗಳೂ ಇದ್ದರೆ ಬ್ರೀದಿಂಗ್ ಸ್ಪೇಸ್ ಅಂತ 60 ದಿನ ವಸೂಲಿ ತಡೆಯುವ ದಾರಿ ಇದೆ, ಅದು ಸಾಲ ಸಲಹೆಗಾರರ ಮೂಲಕ ಮಾತ್ರ. ನಿಮಗೆ ಅಲ್ಲಿಯವರೆಗೆ ಬರುವುದಿಲ್ಲ ಅಂತ ನನ್ನ ನಂಬಿಕೆ.

ಬಾಗಲಕೋಟೆ ಬಸವಿ | ನವೆಂಬರ್ 15, ಸಂಜೆ 8:00

ಆ ಎರಡನೇ ಕಾಗದದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಅದನ್ನು ದಯವಿಟ್ಟು ಕಸಕ್ಕೆ ಹಾಕಬೇಡಿ.

ಅದು ಎಲ್ಲಿಂದ ಬಂತು ಅಂತ ಗೊತ್ತಿರಲಿ. 2013ರ ಮಾರ್ಚ್‌ವರೆಗೆ ಕೌನ್ಸಿಲ್ ಟ್ಯಾಕ್ಸ್ ಬೆನಿಫಿಟ್ ಅಂತ ದೇಶಕ್ಕೆಲ್ಲ ಒಂದೇ ಯೋಜನೆ ಇತ್ತು. ಕೈಲಾಗದವರಿಗೆ ಪೂರ್ತಿ ಬಿಲ್ ಹೋಗುತ್ತಿತ್ತು. ಸರ್ಕಾರ ಅದನ್ನು ತೆಗೆದು, ಇಂಗ್ಲೆಂಡಿನಲ್ಲಿ ನೀವೇ ಮಾಡಿಕೊಳ್ಳಿ ಅಂತ ಒಂದೊಂದು ಕೌನ್ಸಿಲ್‌ಗೂ ಬಿಟ್ಟಿತು. ಕೊಡುವ ದುಡ್ಡನ್ನು 10 ಶೇಕಡ ಕಡಿಮೆ ಮಾಡಿತು. ಪೆನ್ಷನ್‌ನವರನ್ನು ಮುಟ್ಟಬಾರದು ಅಂತಲೂ ಹೇಳಿತು. ಹಾಗಾಗಿ ಕಡಿತ ಅನ್ನುವುದೆಲ್ಲ ಬಂದು ಬೀಳುವುದು ದುಡಿಯುವ ವಯಸ್ಸಿನ ಬಡವರ ಮೇಲೆ, ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಮನೆಗೆ ಬರುವವರ ಮೇಲೆ. ವೇಲ್ಸ್‌ನಲ್ಲಿ ಇವತ್ತಿಗೂ ಒಂದೇ ಯೋಜನೆ, ಪೂರ್ತಿ ಬಿಲ್‌ವರೆಗೆ ಸಿಗುತ್ತದೆ. ಗಡಿ ದಾಟಿ ಒಂದು ಮೈಲಿ ಈಚೆ ಬಂದರೆ ಕಥೆಯೇ ಬೇರೆ. ಇದು ನನಗೆ ಎಷ್ಟು ಸಲ ಯೋಚಿಸಿದರೂ ನ್ಯಾಯ ಅನ್ನಿಸುವುದಿಲ್ಲ.

ಆದರೆ ಜನರನ್ನು ಕೇಳದೆ ಕೌನ್ಸಿಲ್ ಈ ಯೋಜನೆ ಬದಲಾಯಿಸುವಂತಿಲ್ಲ. ಸುಮ್ನೆ ಕೇಳಿದ ಹಾಗೆ ಮಾಡುವಂತೆಯೂ ಇಲ್ಲ. ಲಂಡನ್ನಿನ ಹ್ಯಾರಿಂಗೇ ಕೌನ್ಸಿಲ್ ವಿಷಯದಲ್ಲಿ 2014ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ರಿಯಾಯಿತಿ ಇಳಿಸುತ್ತೇವೆ ಅಂದರೇ ಹೊರತು ಬೇರೆ ದಾರಿಗಳೂ ಇದ್ದವು, ಅಂದರೆ ಟ್ಯಾಕ್ಸ್ ಏರಿಸಬಹುದಿತ್ತು, ಉಳಿತಾಯದಿಂದ ತೆಗೆಯಬಹುದಿತ್ತು ಅಂತ ಜನರಿಗೆ ತಿಳಿಸಿರಲಿಲ್ಲ. ಆ ಸಮಾಲೋಚನೆ ನ್ಯಾಯವಾಗಿರಲಿಲ್ಲ ಅಂತ ಕೋರ್ಟ್ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ಕಾಲ ಮೀರಿತ್ತು ಅಂತ ಮತ್ತೆ ನಡೆಸಲು ಹೇಳಲಿಲ್ಲ. ಆದರೂ ನಿಮಗೆ ಬಂದ ಕಾಗದದಲ್ಲಿ ಬೇರೆ ದಾರಿಗಳ ಬಗ್ಗೆ ಒಂದು ಪುಟವಾದರೂ ಇದ್ದರೆ ಅದರ ಹಿಂದೆ ಈ ತೀರ್ಪಿದೆ.

ನಾನು ಮೂರು ವರ್ಷದ ಹಿಂದೆ ನಮ್ಮ ಕೌನ್ಸಿಲ್ ಸಭೆಯಲ್ಲಿ ಮಾತಾಡಿದ್ದೇನೆ. ಮೊದಲೇ ಪ್ರಶ್ನೆ ಬರೆದು ಕಳಿಸಬೇಕು, ಮೂರು ನಿಮಿಷ ಕೊಡುತ್ತಾರೆ. ಕೈ ನಡುಗುತ್ತಿತ್ತು. ಇಳಿಸುವುದನ್ನು ಅವರು ಪೂರ್ತಿ ಬಿಡಲಿಲ್ಲ, ಆದರೆ ಅಂಗವಿಕಲರನ್ನೂ ಕೇರರ್‌ಗಳನ್ನೂ ಅದರಿಂದ ಹೊರಗಿಟ್ಟರು. ಆ ಸಭೆಯಲ್ಲಿ ಕೇರರ್ ಅಂತ ಎದ್ದು ನಿಂತದ್ದು ನಾವು ಇಬ್ಬರೇ. ಅಷ್ಟೇ ಸಾಕಾಯಿತು.

ಸಭೆಯಲ್ಲಿ ಒಂದು ವಿಷಯ ನೋಡಿ ನನಗೆ ತುಂಬ ಸಮಾಧಾನವಾಯಿತು. ಬಜೆಟ್‌ಗೆ ಮತ ಹಾಕುವ ಮುಂಚೆ ಅಧಿಕಾರಿಯೊಬ್ಬರು ಎದ್ದು, ಎರಡು ತಿಂಗಳು ಅಥವಾ ಹೆಚ್ಚು ಕೌನ್ಸಿಲ್ ಟ್ಯಾಕ್ಸ್ ಬಾಕಿ ಇಟ್ಟುಕೊಂಡ ಕೌನ್ಸಿಲರ್ ಮತ ಹಾಕುವಂತಿಲ್ಲ, ಅದನ್ನು ಸಭೆಗೆ ತಿಳಿಸಬೇಕು ಅಂತ ನೆನಪಿಸಿದರು. ಅದೂ 1992ರ ಕಾನೂನೇ.

ಮುಂದಿನ ವರ್ಷದ ಯೋಜನೆಯನ್ನು ಮಾರ್ಚ್ 11ರೊಳಗೆ ಪೂರ್ಣ ಕೌನ್ಸಿಲ್ ಒಪ್ಪಬೇಕು. ಅಲ್ಲಿಯವರೆಗೆ ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಬರೆಯಿರಿ. ವಾರಕ್ಕೋ ತಿಂಗಳಿಗೋ ಒಮ್ಮೆ ಲೈಬ್ರರಿಯಲ್ಲಿ ಜನರನ್ನು ಕಾಣಲು ಕೂರುತ್ತಾರೆ. ನೀವು ಮುಖ ನೋಡಿ ಹೇಳಬೇಕು ಅಂದಿರಲ್ಲ, ಆ ಮುಖ ಅಲ್ಲಿ ಸಿಗುತ್ತದೆ. ಕೌನ್ಸಿಲ್ ನಮ್ಮಂಥವರ ಜಾಗ ಅಲ್ಲ ಅಂದುಕೊಳ್ಳಬೇಡಿ. ಕಲಬುರಗಿ ಕಡೆಯ ನೀರಜ್ ಪಾಟೀಲ್ ಅವರು 2010ರಲ್ಲಿ ಲಂಡನ್ನಿನ ಲ್ಯಾಂಬೆತ್‌ನ ಮೇಯರ್ ಆಗಿದ್ದರು. ಅದೇ ಲ್ಯಾಂಬೆತ್‌ನ ಥೇಮ್ಸ್ ದಂಡೆಯಲ್ಲಿ 2015ರಿಂದ ನಮ್ಮ ಬಸವಣ್ಣನವರ ಪ್ರತಿಮೆ ಇದೆ.

ಶಿವಮೊಗ್ಗ ಹುಡುಗ | ನವೆಂಬರ್ 15, ರಾತ್ರಿ 10:30

ತಪ್ಪು ಹೇಳಿದ್ದಕ್ಕೆ ಕ್ಷಮಿಸಿ ಅಕ್ಕ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಮೇಷ್ಟ್ರು ಬರೆದದ್ದನ್ನು ಹಾಕಿದೆ. ಒಬ್ಬರ ತಂದೆಗೆ ಇದೇ ಕಾಯಿಲೆ, ನಾಳೆ ಜಿಪಿ ಹತ್ತಿರ ಹೋಗುತ್ತಿದ್ದಾರೆ.

ಹಾಸನದ ಸೊಸೆ | ಡಿಸೆಂಬರ್ 9, ರಾತ್ರಿ 10:15

ಎಲ್ಲರಿಗೂ ತಿಳಿಸಬೇಕು ಅಂತ ಕೂತಿದ್ದೇನೆ. ಅತ್ತೆ ಮಲಗಿದ್ದಾರೆ.

ವಸೂಲಿ ನಿಲ್ಲಿಸಿದ್ದೇವೆ ಅಂತ ಇಮೇಲ್‌ಗೆ ಐದನೇ ದಿನಕ್ಕೆ ಉತ್ತರ ಬಂತು. ಜಿಪಿ ಸರ್ಟಿಫಿಕೇಟ್ ಕೊಟ್ಟರು, ದುಡ್ಡು ಕೇಳಲಿಲ್ಲ. ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದೆ. ಕೂಡಿಸಿದಾಗ 61 ಗಂಟೆ ಬಂತು. ನಾನೇ ನಂಬಲಿಲ್ಲ, ಇನ್ನೊಮ್ಮೆ ಕೂಡಿಸಿದೆ.

ಇವತ್ತು ಹೊಸ ಬಿಲ್ ಬಂದಿದೆ. ನಮ್ಮಿಬ್ಬರನ್ನೂ ಎಣಿಸಿಲ್ಲ, ಕಳೆದ ವರ್ಷದ ಜುಲೈನಿಂದ 50 ಶೇಕಡ ಇಳಿಸಿದ್ದಾರೆ. ಈ ವರ್ಷಕ್ಕೆ ಇನ್ನು ಕಟ್ಟಬೇಕಾದ್ದು ಸೊನ್ನೆ. ಜಾಸ್ತಿ ಕಟ್ಟಿದ್ದನ್ನು ವಾಪಸ್ ಬೇಕಾ, ಮುಂದಿನ ವರ್ಷಕ್ಕೆ ಹಿಡಿದುಕೊಳ್ಳಲಾ ಅಂತ ಕೇಳಿದ್ದಾರೆ. ವಾಪಸ್ ಕೇಳಿದ್ದೇನೆ, ವಾಷಿಂಗ್ ಮೆಷಿನ್ ಸಾಲ ತೀರಿಸಬೇಕು. ಉಳಿದ ಅರ್ಜಿ ಇನ್ನೂ ನೋಡುತ್ತಿದ್ದಾರೆ. ಕೇರರ್ ಭಾಗಕ್ಕೆ ಜರ್ನಲ್‌ನಲ್ಲಿ ಹಾಕಿದ್ದೇನೆ.

ಆ ಶಬ್ದದ ಮುಂದೆ ಸಹಿ ಹಾಕುವಾಗ ಅತ್ತೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ಏನು ಬರೆಯುತ್ತಿದ್ದೀಯ ಅಂದರು. ಕಂದಾಯದ ಕಾಗದ ಅಮ್ಮ ಅಂದೆ. ಕಟ್ಟಿಬಿಡು, ಬಾಕಿ ಇಟ್ಟುಕೊಳ್ಳಬೇಡ ಅಂದರು.

ಸಮಾಲೋಚನೆಗೆ ಉತ್ತರ ಬರೆದೆ. ಬಸವಿ ಅಕ್ಕ, ಉದ್ದ ಬರೆಯಲಿಲ್ಲ. ನಾನು ವಾರಕ್ಕೆ 15 ಗಂಟೆ ನಿಮ್ಮೂರಿನ ಮಕ್ಕಳಿಗೆ ಅಡುಗೆ ಮಾಡುತ್ತೇನೆ, 61 ಗಂಟೆ ನಿಮ್ಮೂರಿನ ಒಬ್ಬ ಹಿರಿಯರನ್ನು ನೋಡಿಕೊಳ್ಳುತ್ತೇನೆ, ನಾನು ನೋಡದಿದ್ದರೆ ಕೌನ್ಸಿಲ್ಲೇ ನೋಡಬೇಕಾಗುತ್ತದೆ, ಕೇರರ್‌ಗಳ ರಿಯಾಯಿತಿ ಇಳಿಸಬೇಡಿ. ಇಷ್ಟೇ. ಲೈಬ್ರರಿಗೂ ಹೋಗಿ ಕೌನ್ಸಿಲರ್‌ನ ಕಂಡೆ. ಅವರ ತಾಯಿಗೂ ಇದೇ ಕಾಯಿಲೆಯಂತೆ. ಫೆಬ್ರವರಿ ಸಭೆಗೆ ಪ್ರಶ್ನೆ ಕಳಿಸು, ಬಂದು ಮಾತಾಡು ಅಂದರು. ಕಳಿಸಿದ್ದೇನೆ. ಅವತ್ತು ಸಂಜೆ ಡೇ ಸೆಂಟರ್ ಇರುವುದಿಲ್ಲ, ಪಕ್ಕದ ಮನೆ ಅಜ್ಜಿ ಮಗಳ ಮನೆಗೆ ಹೋಗುತ್ತಾರೆ. ಅತ್ತೆಗೆ ರೇಷ್ಮೆ ಸೀರೆ ಉಡಿಸಿ ಜೊತೆಗೇ ಕರೆದುಕೊಂಡು ಹೋಗುತ್ತೇನೆ. ಆ ಸಭಾಂಗಣಕ್ಕೆ ಗಾಲಿಕುರ್ಚಿ ಹೋಗುವ ಬಾಗಿಲು ಯಾವ ಕಡೆ ಇದೆ ಅಂತ ನಾಳೆ ಫೋನ್ ಮಾಡಿ ಕೇಳಬೇಕು.